ಜೇಬಿನಲ್ಲಿದ್ದ ಬೀಗದ ಕೈ

ವೈದ್ಯನಾದವನು ಸಾವಿಗೆ ಅಂಜಬಾರದು ಎಂದು ನಮಗೆ ಪಾಠ ಹೇಳಿದ ಹಿರಿಯರು ಹೇಳುತ್ತಿದ್ದರು. ನಾನು ಎಂದೂ ಅಂಜಲಿಲ್ಲ — ಸತ್ತವರೆಲ್ಲ ಬೇರೆಯವರೇ ಆಗಿದ್ದರು.

ನೇರವಾಗಿಯೇ ಹೇಳಿಬಿಡುತ್ತೇನೆ. ಗೊಲ್ಲರ ಹಟ್ಟಿಯ ಚಿತ್ತಕ್ಕ ಎಂಬ ಬಾಣಂತಿ ಸತ್ತದ್ದು ಆ ಹಟ್ಟಿಯ ಮೂಢನಂಬಿಕೆಯಿಂದ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು. ವೇದಿಕೆಯ ಮೇಲೆ ಹೇಳಿದ್ದೇನೆ, ಶಾಲು ಹೊದ್ದುಕೊಂಡು ಹೇಳಿದ್ದೇನೆ, ಹೇಳುವಾಗ ಒಂದೆರಡು ಸಲ ಗಂಟಲು ಕಟ್ಟಿದ್ದೂ ಉಂಟು — ಅದೂ ಸುಳ್ಳೇ. ಅವಳಿಗೆ ಕೊಡಬೇಕಾಗಿದ್ದ ಔಷಧಿ ಆಸ್ಪತ್ರೆಯ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು, ನನ್ನ ಸಮೇತ, ಚಿತ್ರದುರ್ಗದ ಒಂದು ಹೋಟೆಲಿನಲ್ಲಿ ಮಸಾಲೆ ದೋಸೆಯ ಮುಂದೆ ಕುಳಿತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಊರು. ಹೆಸರು ಹೇಳುವುದಿಲ್ಲ, ಊರು ಏನೂ ತಪ್ಪು ಮಾಡಿಲ್ಲ. ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಮೈಸೂರು ಕಡೆಯಿಂದ ಬಂದ ಎಳೆಯ ಡಾಕ್ಟರು ನಾನು. ನಾಲ್ಕು ಮಂಚ, ಒಂದು ಹೆರಿಗೆ ಕೋಣೆ, ಒಂದು ಕಬ್ಬಿಣದ ಬೀರು, ಒಂದು ಜೀಪು. ಜೀಪು ಇದ್ದದ್ದು ರೋಗಿಗಳಿಗೆ ಎಂದು ಸರ್ಕಾರ ಸ್ಪಷ್ಟವಾಗಿಯೇ ಹೇಳಿತ್ತು. ಯಾವ ರೋಗಿಗಳಿಗೆ ಎಂದು ಮಾತ್ರ ಬಿಡಿಸಿ ಹೇಳಿರಲಿಲ್ಲ. ಆ ಕೊರತೆಯನ್ನು ಪಂಚಾಯ್ತಿ ಛೇರ್ಮನ್ನರಾಗಿದ್ದ ಗೌಡರು ತುಂಬಿಕೊಡುತ್ತಿದ್ದರು.

ಗೌಡರು ನನಗೆ ಬಾಡಿಗೆಯಿಲ್ಲದ ಮನೆ ಕೊಟ್ಟಿದ್ದರು, ಹಾಲು ಕಳಿಸುತ್ತಿದ್ದರು, ಬೀದಿಯಲ್ಲಿ ಕಂಡರೆ ಎದ್ದು ನಿಲ್ಲುತ್ತಿದ್ದರು. ಪ್ರತಿಯಾಗಿ ಅವರ ಮನೆಯಲ್ಲಿ ಯಾರಿಗೆ ನಿಶ್ಶಕ್ತಿಯಾದರೂ ನಾನು ಆಸ್ಪತ್ರೆಯ ಗ್ಲೂಕೋಸ್ ಬಾಟಲಿಗಳನ್ನು ಕಳಿಸುತ್ತಿದ್ದೆ. ಆ ಮನೆಯಲ್ಲಿ ನಿಶ್ಶಕ್ತಿ ಬಹಳ. ಬಾಟಲಿಗಳು ಕರಗುವುದನ್ನು ನಮ್ಮ ನರ್ಸ್ ಕಮಲಮ್ಮ ಗಮನಿಸತೊಡಗಿದ ಮೇಲೆ ನಾನೊಂದು ಶಿಸ್ತು ಜಾರಿಗೆ ತಂದೆ: ಬೀರುವಿನ ಬೀಗದ ಕೈ ಇನ್ನು ಡಾಕ್ಟರ ಹತ್ತಿರವೇ ಇರತಕ್ಕದ್ದು. ಅಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಆಗಿರಲಿಲ್ಲ. ಕಳೆದುಹೋದ ಬಾಟಲಿಗಳ ಬಗ್ಗೆ ರೋಗಿಗಳ ಎದುರಿಗೇ ಅವಳನ್ನು ಕೇಳಿದೆ. ‘ಸರ್ಕಾರಿ ಸಾಮಾನು ಸಿಸ್ಟರ್, ಕೈ ಹಾಕಿದರೆ ಕೆಲಸ ಉಳಿಯೋದಿಲ್ಲ’ ಎಂದೆ. ಅವಳು ಕಣ್ಣು ಕೆಳಗೆ ಹಾಕಿದಳು. ಬಾಟಲಿಗಳು ಎಲ್ಲಿ ಹೋಗಿದ್ದವು ಎನ್ನುವುದು ಅಲ್ಲಿ ನಿಂತಿದ್ದವರಲ್ಲಿ ಇಬ್ಬರಿಗೆ ಗೊತ್ತಿತ್ತು. ಮಾತಾಡುವ ಹಕ್ಕಿದ್ದದ್ದು ಒಬ್ಬನಿಗೆ.

ಇನ್ನು ಹಟ್ಟಿಯ ವಿಷಯ. ಊರಿನಿಂದ ಆಚೆ, ದಿಣ್ಣೆಯ ಕೆಳಗೆ, ಮುಳ್ಳುಬೇಲಿಯ ಒಳಗೆ ಗೊಲ್ಲರ ಮನೆಗಳು. ಬೇಲಿಯ ಒಳಗೆ ಯಾರೂ ಕೆರ ಮೆಟ್ಟುವಂತಿಲ್ಲ. ಹೆತ್ತವಳು ಕೂಸಿನೊಂದಿಗೆ ಸೂತಕ ಕಳೆಯುವವರೆಗೆ ಬೇಲಿಯ ಹೊರಗೆ ಒಂದು ಗುಡಿಸಲಲ್ಲಿರಬೇಕು. ಅವಳನ್ನು ಮುಟ್ಟಿದವರೂ ಹೊರಗೇ ಉಳಿಯಬೇಕು. ಅವಳು ಹತ್ತಿದ ಗಾಡಿಯೂ ಒಳಗೆ ಬರುವಂತಿಲ್ಲ. ಇದನ್ನೆಲ್ಲ ನಾನು ಆಮೇಲೆ ಭಾಷಣಗಳಲ್ಲಿ ಬಹಳ ಸೊಗಸಾಗಿ ವರ್ಣಿಸುತ್ತಿದ್ದೆ. ಕೇಳುವವರು ಚ್ಚು ಚ್ಚು ಎನ್ನುತ್ತಿದ್ದರು.

ಅವತ್ತು ಬೆಳಿಗ್ಗೆ ಜೀಪು ಆಸ್ಪತ್ರೆಯ ಮುಂದೆ ಹೊರಡಲು ನಿಂತಿತ್ತು. ಮುಂದಿನ ಸೀಟಿನಲ್ಲಿ ಗೌಡರ ತಾಯಿ, ಬೆನ್ನಿಗೆ ದಿಂಬು. ಹಿಂದಿನ ದಿನ ಹೋಳಿಗೆ ಊಟವಾಗಿತ್ತು. ರಾತ್ರಿಯಿಂದ ಎದೆ ಹಿಡಿದಿದೆ, ದುರ್ಗದ ದೊಡ್ಡ ಡಾಕ್ಟರಿಗೇ ತೋರಿಸಬೇಕು ಎಂದು ಜೀಪಿನ ಪಕ್ಕ ನಿಂತಿದ್ದ ಗೌಡರ ಆಜ್ಞೆ. ವಾಯು ಎಂದು ನನಗೆ ಗೊತ್ತಿತ್ತು. ವಾಯುವಿಗೆ ವಾಯು ಎಂದು ಹೇಳುವ ಧೈರ್ಯ ಬಾಡಿಗೆ ಕೊಡದ ಮನೆಯಲ್ಲಿರುವವನಿಗೆ ಬರುವುದಿಲ್ಲ.

ಅಷ್ಟರಲ್ಲಿ ಹುಣಿಸೆ ಮರದ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಹಟ್ಟಿಯ ಈರಮ್ಮ. ಹತ್ತಿರ ಬಾ ಎಂದರೆ ಬರಲಿಲ್ಲ.

‘ಬ್ಯಾಡ ಸ್ವಾಮಿ, ಬಾಣ್ತಿ ಮುಟ್ಟಿ ಬಂದೀನಿ. ಸೊಸೆ ಚಿತ್ತಕ್ಕ ಹೊತ್ತು ಹುಟ್ಟಾಕೆ ಮುಂಚೆ ಹೆತ್ಲು. ಗಂಡು ಮಗ. ಆದ್ರೆ ಮಾಸು ಬಿದ್ದಿಲ್ಲ, ರಕ್ತ ಹೋಗ್ತಾನೇ ಐತೆ. ನನ್ ಮಗ ಕುರಿ ಹೊಡ್ಕಂಡು ಹಿರಿಯೂರು ಕಡೀಗೆ ಹೋಗ್ಯವ್ನೆ. ಜೀಪು ತಗಂಡು ಒಂದ್ಗಳಿಗೆ ಬಂದು ಹೋಗ್ರಿ.’

ಮಾಸು ಬಿದ್ದಿಲ್ಲ, ರಕ್ತ ನಿಂತಿಲ್ಲ. ಇದರ ಅರ್ಥ ಬಿಡಿಸಿ ಹೇಳಲು ಡಾಕ್ಟರು ಬೇಕಾಗಿಲ್ಲ. ಕುರಿ ಕಾಯುವವರಿಗೂ ಗೊತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಗೌಡರು ನನಗಿಂತ ಮುಂಚೆ ತೆರೆದರು.

‘ಲೇ ಈರಮ್ಮ, ನಿಮ್ಮವ್ವನ ಕಾಲ್ದಾಗೆ ಯಾವ ಡಾಕ್ಟ್ರು ಬಂದಿದ್ನೇ? ಕುರಿ ಈದಂಗೆ ಹೆತ್ತು ಎದ್ದು ಹೋಗ್ತಿರ್ಲಿಲ್ವಾ?’

‘ಕುರಿಯಾಗಿದ್ರೆ ನಾನೇ ಕೈ ಹಾಕ್ತಿದ್ದೆ ಗೌಡ್ರೇ. ಇದು ಮನುಷ್ಯಾಳು.’

ಜೀಪಿನೊಳಗಿಂದ ಮುದುಕಿ ನರಳಿದರು: ‘ಅಯ್ಯೋ, ನಂಗೂ ಎದೆ ಹಿಡ್ಕಂಡೈತಲ್ಲೇ ಈರಮ್ಮ! ಹೋಳಿಗೀನೂ ಉಣ್ಣಬಾರ್ದೇನೇ ನಾವು?’ ಮರುಕ್ಷಣ ದೊಡ್ಡದೊಂದು ತೇಗು ಬಂತು. ರೋಗ ಅಲ್ಲೇ ವಾಸಿಯಾಗಿತ್ತು ಎಂದು ಕಾಣುತ್ತದೆ. ಆದರೂ ಯಾರೂ ಇಳಿಯಲಿಲ್ಲ.

ಆಗ ನಾನು ಒಂದು ಮಾತು ಆಡಿದೆ. ಬಹಳ ಗೌರವದಿಂದ, ತೂಕವಾಗಿ. ‘ನೋಡಮ್ಮ, ನಿಮ್ಮ ಹಟ್ಟಿಗೆ ಬೂಟು ಹಾಕಿಕೊಂಡು ಬರುವ ಹಾಗಿಲ್ಲ. ನಿಮ್ಮ ಆಚಾರಕ್ಕೆ ನಾನು ಅಡ್ಡ ಬರಬಾರದು.’

‘ಬಾಣ್ತಿ ಹಟ್ಟಿ ಒಳಗಿಲ್ಲ ಸ್ವಾಮಿ. ಹೊರಗೈತೆ ಗುಡ್ಲು. ಬೂಟು ಹಾಕ್ಕಂಡೇ ಬರ್ರಿ.’

ಅವಳ ಆಚಾರದ ಹಿಂದೆ ಅಡಗಿಕೊಳ್ಳಲು ಹೋದೆ. ಅಲ್ಲಿ ಜಾಗ ಇರಲಿಲ್ಲ. ‘ಹಾಗಾದರೆ ಗಾಡಿ ಕಟ್ಟಿಸಿ ಇಲ್ಲಿಗೇ ಕರೆದುಕೊಂಡು ಬಾ. ನಾನು ಬರುವವರೆಗೆ ಸಿಸ್ಟರ್ ನೋಡಿಕೊಳ್ಳುತ್ತಾರೆ’ ಎಂದೆ.

ಈರಮ್ಮ ದಿಣ್ಣೆಯ ಕಡೆಗೊಮ್ಮೆ ತಿರುಗಿ ನೋಡಿದಳು. ನಾನು ಅವಳಿಂದ ಏನು ಕೇಳಿದ್ದೆ ಎನ್ನುವುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಬರಲಿಕ್ಕಿಲ್ಲ ಎಂಬ ಒಂದು ಆಸೆ — ಆಸೆಯೇ, ಬೇರೆ ಹೆಸರು ಬೇಡ — ನನ್ನೊಳಗೆ ಇತ್ತು.

‘ಆಗ್ಲಿ’ ಎಂದಳು. ‘ಸೂತಕ ನನ್ ಮ್ಯಾಲಿರ್ಲಿ.’ ಸೀರೆ ಎತ್ತಿ ಕಟ್ಟಿ ಓಡಿದಳು. ಓಡುವ ವಯಸ್ಸಲ್ಲ.

‘ಬಿಸ್ಲು ಏರ್ತೈತೆ ಡಾಕ್ಟ್ರೇ, ಹೋಗಾಣ’ ಎಂದರು ಗೌಡರು. ನಾನು ಜೀಪು ಹತ್ತಿದೆ. ಕಮಲಮ್ಮ ಮೆಟ್ಟಿಲಿಳಿದು ಬಂದಳು. ‘ಸಾರ್, ಬೀಗದ ಕೈ ಕೊಟ್ಟು ಹೋಗ್ರಿ. ಇಂಜೆಕ್ಷನ್ನು, ಬಾಟ್ಲಿ ಎಲ್ಲಾ ಒಳಗೇ ಅವೆ.’

ಕೊಟ್ಟಿದ್ದರೆ ಅವಳು ಬೀರು ತೆರೆಯುತ್ತಿದ್ದಳು. ಖಾಲಿ ಜಾಗಗಳು ಕಾಣುತ್ತಿದ್ದವು. ಪಕ್ಕದಲ್ಲಿ ಗೌಡರಿದ್ದರು.

‘ನಾನು ಬರೋಷ್ಟರಲ್ಲಿ ಏನೂ ಮುಳುಗಿಹೋಗಲ್ಲ ಸಿಸ್ಟರ್’ ಎಂದೆ.

ದುರ್ಗದ ದೊಡ್ಡ ಡಾಕ್ಟರು ಮುದುಕಿಯ ಹೊಟ್ಟೆ ಬಡಿದು ನೋಡಿ, ವಾಯು ಎಂದರು. ಗೌಡರಿಗೆ ಪರಮ ಸಂತೋಷವಾಯಿತು. ದುರ್ಗದಲ್ಲಿ ಹೇಳಿದ ವಾಯುವಿಗೆ ಬೇರೆಯೇ ಘನತೆ. ಹೋಟೆಲಿಗೆ ಕರೆದುಕೊಂಡು ಹೋದರು. ಕೈ ತೊಳೆದು ಕರವಸ್ತ್ರಕ್ಕಾಗಿ ಜೇಬಿಗೆ ಕೈ ಹಾಕಿದೆ. ಬೀಗದ ಕೈ ಸಿಕ್ಕಿತು. ಈ ಭಾಗವನ್ನು ನಾನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ — ನನಗೆ ನೆನಪಾಯಿತು. ಮರೆತುಹೋಗಿತ್ತು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಈಗಲೇ ಎದ್ದು ಹೊರಡಬೇಕು ಎಂದು ಅನಿಸಿತು. ಅನಿಸಿದ ಮೇಲೆ ದೋಸೆ ತಿಂದೆ. ಕಾಫಿ ಆರುತ್ತದೆ ಎಂದು ಕಾಫಿ ಕುಡಿದೆ. ಗೌಡರಿಗೆ ಪೇಟೆಯಲ್ಲಿ ಏನೋ ಕೊಳ್ಳುವುದಿತ್ತು, ಅದಕ್ಕೂ ನಿಂತೆ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು, ಚೆನ್ನಾಗಿದೆ ಎಂದುಕೊಂಡೆ.

ವಾಪಸು ಬಂದಾಗ ಹುಣಿಸೆ ಮರದ ಕೆಳಗೆ ಗಾಡಿ ಬಿಟ್ಟಿತ್ತು. ಎತ್ತುಗಳು ಮಲಗಿದ್ದವು. ಈರಮ್ಮ ಜಗುಲಿಯ ಕೆಳಗೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು — ಒಳಗೆ ಹೋಗಿರಲಿಲ್ಲ, ಸೂತಕವಲ್ಲವೇ. ನನ್ನನ್ನು ಕಂಡು ಎದ್ದಳು. ‘ಬಂದ್ರಾ ಸ್ವಾಮಿ’ ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಹೆರಿಗೆ ಕೋಣೆಯಲ್ಲಿ ಚಿತ್ತಕ್ಕ ಆಗಲೇ ತಣ್ಣಗಾಗಿದ್ದಳು. ಕಮಲಮ್ಮ ಹೇಳಿದಳು: ಹಟ್ಟಿಯ ಹಿರಿಯರು ಮೊದಲು ಒಪ್ಪಲಿಲ್ಲವಂತೆ, ಈರಮ್ಮ ಎರಡು ಮಾತು ಬೈದ ಮೇಲೆ ಅವರಲ್ಲೇ ಹಿರಿಯನೊಬ್ಬ ತನ್ನ ಗಾಡಿ ಕಟ್ಟಿಕೊಟ್ಟನಂತೆ, ‘ಮನೆಗೆ ಬರದಿದ್ರೆ ಬ್ಯಾಡ ಬಿಡು ಗಾಡಿ’ ಎಂದು. ನಾವು ಹೊರಟ ಸ್ವಲ್ಪ ಹೊತ್ತಿಗೇ ಬಂದುಬಿಟ್ಟಿದ್ದರು. ಆಗ ಚಿತ್ತಕ್ಕ ಮಾತಾಡುತ್ತಿದ್ದಳು. ನೀರು ಕೇಳಿದಳು. ಕೂಸಿಗೆ ಬಿಸಿಲು ಬೀಳುತ್ತಿದೆ, ನೆರಳಿಗೆ ಒಯ್ಯಿರಿ ಎಂದಳು.

‘ಗುಂಡುಕಲ್ಲು ತಗಂಡು ಬೀರು ಮುಂದೆ ನಿಂತಿದ್ದೆ ಸಾರ್’ ಎಂದಳು ಕಮಲಮ್ಮ. ‘ಕೈ ಏಳ್ಲಿಲ್ಲ. ನೀವು ಅವತ್ತು ಅಂದಿದ್ರಲ್ಲ… ಮನೇಲಿ ನನ್ ದುಡಿಮೆ ಒಂದೇ ಸಾರ್.’

ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಸಮಾಧಾನ ಮಾಡಿದೆ — ಕ್ಷಮಿಸಿದವನ ಗತ್ತಿನಲ್ಲಿ. ಹಟ್ಟಿಯವರು ತಲೆತಲಾಂತರದ ಕಟ್ಟಳೆಯನ್ನು ಒಂದು ಗಳಿಗೆಯಲ್ಲಿ ಮುರಿದು ಬಂದಿದ್ದರು. ನಾನು ಹಾಕಿದ ಕಟ್ಟಳೆ ಮಾತ್ರ ಮುರಿಯಲಿಲ್ಲ. ಅಷ್ಟು ಗಟ್ಟಿಯಾಗಿ ಹಾಕಿದ್ದೆ.

ಔಷಧಿ ಕೊಟ್ಟಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಎಂದು ನೀವು ಕೇಳಬಹುದು. ಡಾಕ್ಟರಾಗಿ ಅದಕ್ಕೆ ನನ್ನ ಹತ್ತಿರ ಉತ್ತರವಿದೆ. ಆ ಉತ್ತರವನ್ನು ಬಳಸುವ ಹಕ್ಕು ನನಗಿಲ್ಲ.

ಕೆಲವು ದಿನಗಳ ಮೇಲೆ ಮೇಲಧಿಕಾರಿಯೊಬ್ಬರು ವಿಚಾರಿಸಲು ಬಂದರು. ಒಳ್ಳೆಯವರು, ಅವಸರದಲ್ಲಿದ್ದರು. ‘ಏನಾಯಿತು?’ ಎಂದರು. ‘ಹಟ್ಟಿಯವರು ಬಿಡಲಿಲ್ಲ ಸಾರ್. ಸೂತಕ ಅಂತ ಗುಡಿಸಲಲ್ಲೇ ಇಟ್ಟುಕೊಂಡರು. ಕೊನೇ ಗಳಿಗೆಯಲ್ಲಿ ತಂದರು’ ಎಂದೆ. ಕಮಲಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು. ಅಧಿಕಾರಿಗಳು ತಲೆಯಾಡಿಸಿ, ‘ಈ ಜನಕ್ಕೆ ಬುದ್ಧಿ ಯಾವಾಗ ಬರುತ್ತೋ’ ಎಂದರು. ಯಾವಾಗ ಬರುತ್ತೋ ಎಂದು ನಾನೂ ಹೇಳಿದೆ. ಬಾಗಿಲ ಹತ್ತಿರ ನಿಂತಿದ್ದವಳ ಮುಖವನ್ನು ದಿನಾ ನೋಡಲಾಗದೆ ಅವಳನ್ನು ದೂರದ ಊರಿಗೆ ವರ್ಗ ಮಾಡಿಸಿದೆ. ಗೌಡರೇ ಸಹಾಯ ಮಾಡಿದರು.

ಆ ಒಂದು ವಾಕ್ಯ ಬೆಳೆಯಿತು. ಮೊದಲು ದುರ್ಗದ ಸಭೆಯೊಂದರಲ್ಲಿ, ಆಮೇಲೆ ಶಾಲೆಗಳಲ್ಲಿ, ಸಂಘಗಳ ವಾರ್ಷಿಕೋತ್ಸವಗಳಲ್ಲಿ. ಭರಮಸಾಗರದಲ್ಲಿ ಒಬ್ಬ ಮೇಷ್ಟರು ನನ್ನ ಭಾಷಣ ಕೇಳಿ ಕಣ್ಣೊರೆಸಿಕೊಂಡರು. ವಿಚಾರವಂತ ಎಂಬ ಹೆಸರು ಬಂತು. ಹಟ್ಟಿಗಳಲ್ಲಿ ಬಾಣಂತಿಯರನ್ನು ಹೊರಗಿಡುವುದು ತಪ್ಪು ಎಂದು ನಾನು ಆಗ ಹೇಳಿದ್ದು ಸರಿಯಾದ ಮಾತೇ, ಈಗಲೂ ಹೇಳುತ್ತೇನೆ. ಸರಿಯಾದ ಮಾತನ್ನು ಸುಳ್ಳಿನ ಮೇಲೆ ನಿಲ್ಲಿಸಿ ಬದುಕಿದೆ, ಅದೇ ನನಗೆ…

ಹೋಗಲಿ. ಇದಕ್ಕಿಂತ ಕೆಟ್ಟದ್ದು ಒಂದು ಉಳಿದಿದೆ. ಈರಮ್ಮ ಈಗಿಲ್ಲ. ಅವಳಿಗೆ ಹೇಳಬೇಕಾದದ್ದನ್ನು ನಿಮಗೆ ಹೇಳುತ್ತಿದ್ದೇನೆ, ಇದೂ ಒಂದು ತಪ್ಪಿಸಿಕೊಳ್ಳುವ ದಾರಿಯೇ.

ಸೂತಕ ಕಳೆದು ಹಟ್ಟಿಯ ಒಳಗೆ ಸೇರಿಸಿಕೊಂಡ ಮೇಲೆ ಅವಳು ಒಂದು ದಿನ ಕೂಸಿಗೆ ಕೆಮ್ಮೆಂದು ಬಂದಳು. ಮೇಕೆ ಹಾಲು ಕುಡಿದು ಬೆಳೆಯುತ್ತಿದ್ದ ಕೂಸು, ಗಟ್ಟಿಯಾಗಿತ್ತು. ಔಷಧಿ ಕೊಟ್ಟೆ. ಅವಳು ಹೋಗಲಿಲ್ಲ.

‘ಕುಂತ್ಕೊಳ್ಳಮ್ಮ’ ಎಂದೆ. ಕೂರಲಿಲ್ಲ.

‘ಒಂದ್ ಮಾತು ಕೇಳ್ತೀನಿ ಸ್ವಾಮಿ, ಬೈಬ್ಯಾಡ್ರಿ. ಓದಿದೋರು ನೀವು. ಸೂತಕದಾಗೆ ಗಾಡಿ ಹತ್ಸಿದ್ನಲ್ಲ, ಅದ್ಕೇ ಹಿಂಗಾತಾ? ಹಟ್ಟಿಯೋರೆಲ್ಲ ಹಂಗೇ ಅಂತಾರೆ. ಮಗ ಬಂದೋನು ನನ್ ಕೂಡೆ ಮಾತೇ ಆಡ್ತಿಲ್ಲ. ಗುಡ್ಲಾಗೇ ಬಿಟ್ಟಿದ್ರೆ ಉಳೀತಿದ್ಲಾ ನನ್ ಸೊಸೆ?’

ಇಲ್ಲವಮ್ಮ, ನೀನು ಮಾಡಿದ್ದೇ ಸರಿ, ತಪ್ಪು ನನ್ನದು — ಇಷ್ಟು ಹೇಳಿದ್ದರೆ ಸಾಕಿತ್ತು. ತಪ್ಪು ನನ್ನದು ಎನ್ನುವುದನ್ನು ಬಿಟ್ಟು ಮೊದಲರ್ಧ ಹೇಳಿದ್ದರೂ ಆಗುತ್ತಿತ್ತು. ಆದರೆ ಅವಳು ಮಾಡಿದ್ದು ಸರಿಯಾದರೆ, ಮತ್ತೆ ಸೊಸೆ ಯಾತಕ್ಕೆ ಸತ್ತಳು ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅಧಿಕಾರಿಗೆ, ಕಟ್ಟಳೆ ಮುರಿಯದ್ದರಿಂದ ಸತ್ತಳು ಎಂದು ಹೇಳಿದವನು ನಾನು. ಮೂಢನಂಬಿಕೆಯ ವೈರಿ ನಾನು.

‘ಇರಬಹುದಮ್ಮ’ ಎಂದೆ. ‘ಯಾರಿಗೆ ಗೊತ್ತು?’

ಅವಳು ತಲೆಯಾಡಿಸಿದಳು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಡಾಕ್ಟರೂ ಹಾಗೇ ಅಂದರು ಎಂದು ಹಟ್ಟಿಯಲ್ಲಿ ಹೇಳಿದಳಂತೆ.

ಆಮೇಲೆ ನಾನು ಆ ಊರಿನಲ್ಲಿ ಇದ್ದಷ್ಟು ವರ್ಷ ಹಟ್ಟಿಯಿಂದ ಒಬ್ಬ ಬಾಣಂತಿಯೂ ಆಸ್ಪತ್ರೆಗೆ ಬರಲಿಲ್ಲ. ಇಬ್ಬರು ಗುಡಿಸಲಲ್ಲೇ ಸತ್ತರು.