ಕೋಸೈ ತಬಾವಾಳ ತಪ್ಪು ಉತ್ತರ

ಕುಕಾ ಓಣಿಯಲ್ಲಿ ರೇಡಿಯೊ ಇಲ್ಲದ ಮನೆ ಹುಡುಕಿದರೆ ಸಿಕ್ಕೀತು, ತಬಾವಾ ಕರಿಯುವ ಕೋಸೈ ವಡೆ ತಿನ್ನದ ಬಾಯಿ ಸಿಗಲಿಕ್ಕಿಲ್ಲ. ಬೆಳಗಿನ ನಮಾಜು ಮುಗಿಯುವಷ್ಟರಲ್ಲಿ ಅವಳ ಮನೆಯ ಮುಂಗೋಣೆಯಲ್ಲಿ ಎಣ್ಣೆ ಕಾದಿರುತ್ತದೆ. ನೆನೆಸಿ, ಸಿಪ್ಪೆ ಕಳೆದು, ನುಣ್ಣಗೆ ರುಬ್ಬಿದ ಅಲಸಂದೆ ಹಿಟ್ಟನ್ನು ಸೌಟಿನಿಂದ ಎಣ್ಣೆಗೆ ಬಿಡುತ್ತಾ ಬಿಡುತ್ತಾ ಅವಳ ಬಾಯಿ ಗಿರಾಕಿಗಳ ಜೊತೆ ಆಡುತ್ತಿರುತ್ತದೆ, ಕಿವಿ ಮಾತ್ರ ಗೋಡೆಗೂಡಿನಲ್ಲಿಟ್ಟ ರೇಡಿಯೊದ ಮೇಲೆ. ಅಂಥ ಕಿವಿ ಕಾನೊ ನಗರದ ಕೋಟೆಯೊಳಗೆ ಇನ್ನೊಂದಿಲ್ಲ ಅಂತ ನಾವು ಓಣಿಯವರು ಎದೆ ತಟ್ಟಿ ಹೇಳುತ್ತೇವೆ.

ಮಧ್ಯಾಹ್ನದ ಹೊತ್ತು ರೇಡಿಯೊದಲ್ಲಿ ರಕ್ಕಿಯಾ ಎಂಬಾಕೆ ಕಾದಂಬರಿ ಓದುತ್ತಾಳೆ. ದಿನಕ್ಕೊಂದು ಅಧ್ಯಾಯ. ಆಕೆ ಓದಲು ಶುರು ಮಾಡಿದಳೆಂದರೆ ಊರಿನ ಅರ್ಧ ಒಲೆಗಳ ಮೇಲೆ ಸಾರು ತಳ ಹಿಡಿಯುತ್ತದೆ. ಅಧ್ಯಾಯ ಮುಗಿದ ಕೂಡಲೇ ಕೇಳುಗರು ಫೋನು ಮಾಡಬಹುದು. ಮೊದಲ ಫೋನು ಯಾರದು ಅಂತ ಕೇಳಬೇಕೇ? 'ಉಪ್ಪಿಲ್ಲದ ಮದುವೆ' ಓದುತ್ತಿದ್ದಾಗ ಕಥೆಯ ಹುಡುಗಿ ಸಾದಿಯಾ ಬೇಡದ ಗಂಡಿಗೆ ಹೂಂ ಅಂದುಬಿಟ್ಟ ದಿನ ತಬಾವಾ ಫೋನಿನಲ್ಲೇ ರಕ್ಕಿಯಾಳನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಓದೋದು ಆಮೇಲಾಯ್ತು, ಮೊದ್ಲು ಆ ಹುಡುಗೀನ ಇಲ್ಲಿಗೆ ಕಳಿಸು. ನಾಲ್ಕು ಕೋಸೈ ತಿನ್ನಿಸಿ, ತಲೆಗೆ ಎರಡು ಮೊಟಕಿ, ಬುದ್ಧಿ ಹೇಳಿ ಕಳಿಸ್ತೀನಿ!"

ಅವತ್ತಿಂದ ಊರಿಗೆ ಊರೇ ಅವಳನ್ನು 'ಕೋಸೈ ತಬಾವಾ' ಅಂತ ಗುರುತಿಸತೊಡಗಿತು. ಕಾಣದ ಓಣಿಗಳ ಹೆಂಗಸರು ಮದುವೆ ಮನೆಗಳಲ್ಲಿ ಅವಳ ದನಿ ಕೇಳಿ ತಿರುಗಿ ನೋಡುತ್ತಿದ್ದರು. ಅಕ್ಷರ ಕಲಿತದ್ದೂ ಈ ಕಥೆಗಳ ಹುಚ್ಚಿಗೇ. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಹೆಂಗಸರ ತರಗತಿಗೆ ಹೋಗಿ ಕೂತು, ಬೆರಳಿಟ್ಟು ಓದುತ್ತಾ ಓದುತ್ತಾ, ಈಗ ಬೆರಳಿಲ್ಲದೆ ಓದುತ್ತಾಳೆ. ಅವಳಿಗೆ ಇದ್ದದ್ದು ಒಂದೇ ಆಸೆ: ಆ ಮೈಕಿನ ಮುಂದೆ ಕೂತು ತಾನೂ ಒಂದು ಪುಟ ಓದಬೇಕು, ಊರೆಲ್ಲ ಕೇಳಬೇಕು.

ಆ ಆಸೆಗೆ ದಾರಿಯೂ ಆಯಿತು. ಅಭಿಮಾನಿಗಳನ್ನು ಸ್ಟುಡಿಯೊಗೆ ಕರೆಸಿ ರಕ್ಕಿಯಾ ತಮಾಷೆಯ ಪ್ರಶ್ನೆ ಕೇಳುವ ಹೊಸ ಕಾರ್ಯಕ್ರಮ ಶುರುವಾಯಿತು. ಎಲ್ಲದಕ್ಕೂ ಉತ್ತರ ಹೇಳಿ ಗೆದ್ದವರು ಮುಂದಿನ ಕಾದಂಬರಿಯ ಮೊದಲ ಪುಟವನ್ನು ತಾವೇ ಓದಬಹುದು. ತಬಾವಾಳಿಗೆ ಕರೆ ಬಂತು. ಮಾತಿಗೆ ಬಡವನಾದ ಅವಳ ಗಂಡ ಗಡ್ಡ ನೀವಿಕೊಂಡು, "ಹೋಗಿ ಬಾ. ಓಣಿ ಮರ್ಯಾದೆ ನೋಡ್ಕೊ," ಅಂದ.

ಪಕ್ಕದ ಮನೆಯ ಹನ್ಸಾಯಿಗೆ ಮಾತ್ರ ಒಳಗೊಳಗೇ ನಗು. ಸ್ಟುಡಿಯೊಗೆ ಹೋಗುವ ದಿನ ಬೆಳಿಗ್ಗೆ ಕೋಸೈಗೆ ಬಟ್ಟಲು ಹಿಡಿದು ನಿಂತು ಕೆಣಕಿದಳು.

"ಅಲ್ವೇ ತಬಾವಾ, ಕಥೇಲಿ ಆ ಬೇಡದ ಗಂಡನ್ನ ತಪ್ಪಿಸಿ ಕೊನೆಗೆ ಸಾದಿಯಾನ ಕಟ್ಕೊಂಡ ಬಟ್ಟೆ ವ್ಯಾಪಾರಿ ಇದಾನಲ್ಲ, ಅವನ ಹೆಸರೇನು ಅಂತ ಕೇಳಿದ್ರೆ ಏನ್ ಮಾಡ್ತೀಯೇ?"

"ಕೇಳಲ್ಲ ಬಿಡೇ. ಹಾಡು, ಹಕ್ಕಿ, ಅಂತ ತಮಾಷೆ ಪ್ರಶ್ನೆ ಕೇಳ್ತಾರೆ ಅಷ್ಟೆ."

"ಕೇಳಿದ್ರೆ?"

"ನಿನ್ ಬಾಯಿಗೆ ಬಿಸಿ ಎಣ್ಣೆ ಹಾಕ! ತಗೊಂಡ್ ನಡಿ ನಿನ್ ಕೋಸೈ!"

ಹನ್ಸಾಯಿ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಥೆಯ ಆ ಬಟ್ಟೆ ವ್ಯಾಪಾರಿಯ ಹೆಸರು ಜುನೈದು. ತಬಾವಾಳ ಚೊಚ್ಚಲ ಮಗನ ಹೆಸರೂ ಜುನೈದು. ಕಥೆ ಹೇಳುವ ನಮಗೇನು, ಆ ಹೆಸರನ್ನು ಎಷ್ಟು ಸಲ ಬೇಕಾದರೂ ಹೇಳಬಹುದು. ಹೆತ್ತವಳು ಹೇಳುವಂತಿಲ್ಲ. ಗಂಡನ ಹೆಸರನ್ನು ಹೇಗೆ ಎತ್ತುವುದಿಲ್ಲವೋ ಹಾಗೆಯೇ ಚೊಚ್ಚಲ ಕೂಸಿನ ಹೆಸರನ್ನೂ ನಮ್ಮ ಹೆಂಗಸರು ಎತ್ತುವುದಿಲ್ಲ. ನಾಲ್ಕು ಜನರೆದುರು ಮುದ್ದಾಡುವುದಿಲ್ಲ, ಹೊಗಳುವುದಂತೂ ದೂರದ ಮಾತು. ಹಾಗೆ ಮಾಡಿದರೆ ಮಾನಗೆಟ್ಟವಳು ಅನ್ನುತ್ತಾರೆ. ಉಳಿದ ಮಕ್ಕಳ ವಿಷಯ ಬೇರೆ. ಅವರನ್ನು ತಬಾವಾ ಓಣಿಯ ಆ ತುದಿಗೆ ಕೇಳುವಂತೆ ಹೆಸರು ಹಿಡಿದೇ ಬೈಯುತ್ತಾಳೆ.

ಜುನೈದು ಮಾತ್ರ ಮೊಲೆ ಬಿಡುತ್ತಲೇ ಎದುರು ಮನೆಯಲ್ಲಿದ್ದ ಅಜ್ಜಿಯ ಪಾಲಾಗಿದ್ದ. ಚೊಚ್ಚಲ ಮಗು ಹೋಗುವುದೇ ಹಾಗೆ. ಅಜ್ಜಿಯನ್ನು ಅವನು ಅವ್ವ ಅನ್ನುತ್ತಿದ್ದ. ಅಜ್ಜಿ ಸೊಸೆಯನ್ನು ಕರೆಯುವುದನ್ನು ಕೇಳಿ ಕೇಳಿ ಹೆತ್ತವಳನ್ನು 'ತಬಾವಾ' ಅಂತಲೇ ಕರೆಯುತ್ತಾ ಬೆಳೆದ. ಅದರಲ್ಲಿ ಯಾರೂ ತಪ್ಪು ಹುಡುಕಲಿಲ್ಲ.

ಅವನು ಚಿಕ್ಕವನಿದ್ದಾಗ ಒಂದು ದಿನ ಪಾರಿವಾಳ ಹಿಡಿಯಲು ಅಜ್ಜಿಯ ಮಾಳಿಗೆಯಿಂದ ಹಾರಿ, ಹುಬ್ಬು ಸೀಳಿಕೊಂಡು ಅಂಗಳದಲ್ಲಿ ಬಿದ್ದ. ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಹಿರಿಯರೆಲ್ಲ ಅಲ್ಲೇ ಇದ್ದರು. ತಬಾವಾ ಬಾಗಿಲ ಮರೆಯಲ್ಲಿ ಚೌಕಟ್ಟು ಹಿಡಿದು ನಿಂತವಳು ಹೊಸಿಲು ದಾಟಲಿಲ್ಲ. ಎಂಥ ಸಂಯಮದ ಹೆಂಗಸು ಅಂತ ಓಣಿ ಹೊಗಳಿತು. ಆ ಹೊಗಳಿಕೆಗೆ ಬೆಂಕಿ ಬೀಳ! ಮೂರು ದಿನ ಅವಳ ಗಂಟಲಲ್ಲಿ ತುತ್ತು ಇಳಿಯಲಿಲ್ಲ, ಅದನ್ನು ಯಾರು ನೋಡಿದರು?

ಅವತ್ತು ಹುಡುಗ ಹಿಡಿದ ಪಾರಿವಾಳ ಇವಳ ಮನೆಯ ಗೂಡಿಗೆ ಬಂದು ಸೇರಿಕೊಂಡಿತು. ಅದು ಸತ್ತು ಅದರ ಮರಿ, ಮರಿಯ ಮರಿ ಆಗಿ, ಈಗಲೂ ಬೂದು ಬಣ್ಣದ ಒಂದು ಅಲ್ಲೇ ಇದೆ. ಮಗನಿಗೆ ಏನಾದರೂ ಹೇಳಬೇಕೆಂದರೆ ತಬಾವಾ ಪಾರಿವಾಳಕ್ಕೆ ಹೇಳುತ್ತಾಳೆ.

ಎರಡು ಮಳೆಗಾಲದ ಹಿಂದೆ ಅಜ್ಜಿ ತೀರಿಕೊಂಡಳು. ಜುನೈದು ಈಗ ಹಳದಿ ಆಟೊ ಓಡಿಸಿಕೊಂಡು ಆ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಅವ್ವ ಅನ್ನಲು ಅವನಿಗೆ ಯಾರೂ ಇಲ್ಲ. ತಬಾವಾ ಸ್ಟುಡಿಯೊಗೆ ಹೊರಡುವ ಹೊತ್ತಿಗೆ ಅಪ್ಪ ಹೇಳಿದ್ದಕ್ಕೆ ಆಟೊ ತಂದು ಬಾಗಿಲಲ್ಲಿ ನಿಲ್ಲಿಸಿದ.

"ತಬಾವಾ, ಹೊರಡೋಣ್ವಾ?"

ತಬಾವಾ ಗೂಡಿನ ಕಡೆ ತಿರುಗಿದಳು. "ಹೊಟ್ಟೆಗೇನಾದ್ರೂ ಹಾಕ್ಕೊಂಡ್ ಬಂದಿದಾನಾ ಕೇಳು."

"ತಿಂದಿದೀನಿ ಅಂತ ಹೇಳು," ಅಂದ ಜುನೈದು, ಅವನೂ ಪಾರಿವಾಳಕ್ಕೇ.

"ಸುಳ್ಳು ಹೇಳ್ಬೇಡ ಅನ್ನು. ಮುಖ ನೋಡಿದ್ರೆ ಗೊತ್ತಾಗುತ್ತೆ."

ಪಾರಿವಾಳ ಕಾಳು ಕುಕ್ಕುತ್ತಿತ್ತು. ತಬಾವಾ ಬಿಸಿ ಕೋಸೈಗಳನ್ನು ಖಾರದ ಪುಡಿಯ ಸಮೇತ ಕಾಗದದಲ್ಲಿ ಸುತ್ತಿ, ಡ್ರೈವರ್ ಸೀಟಿನ ಪಕ್ಕ ಇಟ್ಟು, ಹಿಂದೆ ಹೋಗಿ ಕೂತಳು. ಮೈಮೇಲೆ ಹಬ್ಬಕ್ಕೆ ತೆಗೆದ ನೀಲಿ ಬಟ್ಟೆ, ತಲೆಯ ಮೇಲೆ ಹೊಸ ಮುಸುಕು. ಓಣಿಯ ಹೆಂಗಸರು ಬಾಗಿಲುಗಳಿಂದ, ಶುಭಕ್ಕೆ ಮಾಡುವಂತೆ, ನಾಲಿಗೆ ಹೊರಳಿಸಿ ಜೋರಾಗಿ ಉಲಿದು ಕಳಿಸಿಕೊಟ್ಟರು. ಹನ್ಸಾಯಿಯ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಸ್ಟುಡಿಯೊ ಒಳಗೆ ತಣ್ಣಗಿತ್ತು. ರಕ್ಕಿಯಾ ಇವಳು ಎಣಿಸಿದ್ದಕ್ಕಿಂತ ಕುಳ್ಳಿ, ಆದರೆ ದನಿ ಅದೇ. ಹಿರಿಯ ಹೆಂಗಸರಿಗೆ ಸಲ್ಲುವ 'ಹಾಜಿಯಾ' ಸೇರಿಸಿಯೇ ಮಾತಾಡಿಸಿದಳು.

"ಕೋಸೈ ತಬಾವಾ ಹಾಜಿಯಾ, ಕೊನೆಗೂ ಸಿಕ್ಕಿಬಿದ್ರಿ! ಬೈಸ್ಕೊಂಡಿದ್ದಕ್ಕೆಲ್ಲ ಇವತ್ತು ನಾನು ಸೇಡು ತೀರಿಸ್ಕೋತೀನಿ."

"ತೀರಿಸ್ಕೊ ತಾಯಿ. ಆ ಸಾದಿಯಾಗೆ ಹೇಳಬೇಕಾದ್ದು ಇನ್ನೂ ಬಾಕಿ ಇದೆ, ಆಮೇಲೆ ಹೇಳ್ತೀನಿ."

ಗಾಜಿನಾಚೆ ಯಂತ್ರ ನೋಡಿಕೊಳ್ಳುತ್ತಿದ್ದ ಗಂಡಸು ಬಾಯಿ ಮುಚ್ಚಿಕೊಂಡು ನಕ್ಕ. ತಬಾವಾಳಿಗೆ ಧೈರ್ಯ ಬಂತು.

"ಕಥೆಯೊಳಗೆ ಒಂದು ದಿನ ಹೋಗಿ ಇರಬಹುದು ಅಂದ್ರೆ ಯಾರ ಮನೇಲಿ ಇರ್ತೀರಿ?"

"ಸಾದಿಯಾಳ ಅತ್ತೆ ಮನೇಲಿ. ಆ ಮುದುಕಿ ಸಾರಿಗೆ ಏನು ಹಾಕ್ತಾಳೆ ಅಂತ ನೀನು ಓದ್ಲೇ ಇಲ್ಲ. ಎಲ್ಲರೂ ಬೆರಳು ಚೀಪ್ತಾರೆ ಅಂತ ಮಾತ್ರ ಓದ್ದೆ. ಅಷ್ಟಕ್ಕೇ ಬಿಟ್ರೆ ಆಯ್ತಾ?"

"ಸಾಕುಪ್ರಾಣಿ?"

"ಪಾರಿವಾಳ. ಹೆಸರಿಟ್ಟಿಲ್ಲ. ಹೆಸರಿಲ್ದಿದ್ರೂ ನಮ್ಮನೇಲಿ ಎಲ್ಲರಿಗಿಂತ ಹೆಚ್ಚು ಮಾತು ಕೇಳಿಸ್ಕೊಳೋದು ಅದೇ."

"ಮಾತಾಡುತ್ತಾ?"

"ಮಾತಾಡಿದ್ರೆ ನನ್ನ ಮಾನ ಹೋಗ್ತಿತ್ತು."

"ಇಷ್ಟದ ಸಂಗೀತ? ಸಿನಿಮಾ ಹಾಡಾ, ಹಳೇ ಹಾಡಾ?"

"ಯಾವುದೂ ಅಲ್ಲ. ಮದುವೆ ಮನೇಲಿ ನೀರಿನ ಮೇಲೆ ಸೋರೆಬುರುಡೆ ಬೋರಲು ಹಾಕಿ ಹೆಂಗಸರು ಬಡೀತಾರಲ್ಲ, ಅದು. ಅದರ ಮುಂದೆ ನಿನ್ನ ರೇಡಿಯೊ ಹಾಡೆಲ್ಲ ಸಪ್ಪೆ," ಅಂದವಳೇ ಮೇಜಿನ ಮೇಲೆ ಎರಡೂ ಕೈಯಿಂದ ಬಡಿದು ತೋರಿಸಿದಳು. ಮೈಕು ನಡುಗಿತು. ಗಾಜಿನಾಚೆಯವನು ಗಾಬರಿಯಿಂದ ಏನೋ ತಿರುಗಿಸಿದ. ಊರಿನ ಅಂಗಳಗಳಲ್ಲಿ ಆ ಹೊತ್ತು ಎಷ್ಟು ಹೆಂಗಸರು ಕಾಲು ಕುಣಿಸಿದರೋ! ನಮ್ಮ ಓಣಿಯಲ್ಲಂತೂ ಹನ್ಸಾಯಿ ಬಟ್ಟಲನ್ನೇ ಬಡಿದಳು.

ಒಂದೊಂದು ಉತ್ತರಕ್ಕೂ ಗಂಟೆ ಹೊಡೆಯಿತು. ಗೆಲುವು ಕೈಗೆ ಬಂದ ಹಾಗೆಯೇ ಇತ್ತು.

"ಕೊನೇ ಪ್ರಶ್ನೆ, ಹಾಜಿಯಾ. ಇದು ಮಕ್ಕಳೂ ಹೇಳ್ತಾರೆ. ನಿಮಗೆ ತುಂಬ ಇಷ್ಟ ಅಂತ ಫೋನಲ್ಲಿ ಯಾವಾಗ್ಲೂ ಹೇಳ್ತೀರಲ್ಲ, ಕೊನೆಗೆ ಸಾದಿಯಾಳ ಕೈ ಹಿಡಿದ ಆ ಬಟ್ಟೆ ವ್ಯಾಪಾರಿ. ಅವನ ಹೆಸರೇನು?"

ತಬಾವಾಳ ಬಾಯಿ ತೆರೆದುಕೊಂಡಿತು. ಹಾಗೇ ಉಳಿಯಿತು.

ಫೋನಿನಲ್ಲಿ ಇಷ್ಟು ದಿನ 'ಆ ಬಟ್ಟೆಯವನು' ಅಂತಲೇ ಸಾಗಿಸಿದ್ದಳು. ಈಗ ಊರಿಗೆ ಊರೇ ಕಿವಿಯಾಗಿದೆ. ಹೊರಗೆ ಗೇಟಿನಲ್ಲಿ ಮಗನೂ ಆಟೊದ ರೇಡಿಯೊ ಹಾಕಿಕೊಂಡು ಕೂತಿದ್ದಾನೆ. ಒಂದೇ ಒಂದು ಹೆಸರು ಹೇಳಿದರೆ ಮೈಕು ಅವಳದು. ಹೇಳಿದರೆ ನಾಳೆ ಯಾವ ಮುಖ ಹೊತ್ತು ಎಣ್ಣೆ ಮುಂದೆ ಕೂರುವುದು?

ರಕ್ಕಿಯಾಳೂ ನಮ್ಮವಳೇ, ಅವಳಿಗೂ ಚೊಚ್ಚಲ ಮಗನಿದ್ದಾನೆ. ಮುಖ ನೋಡಿದ್ದೇ ತಡ, ಅರ್ಥವಾಗಿಹೋಯಿತು. ಮೆಲ್ಲಗೆ ಅಂದಳು:

"ಹೆಸರು ಬೇಡ ಬಿಡಿ, ಹಾಜಿಯಾ. ಅವನು ಎಂಥವನು ಅಂತ ಗುರುತು ಹೇಳಿ. ಗುರುತು ಸರಿಯಿದ್ರೆ ಉತ್ತರ ಸರಿ."

ತಬಾವಾಳ ಮೈಮೇಲಿಂದ ಮೂಟೆ ಇಳಿದಂತಾಯಿತು. ಇಷ್ಟೇ ತಾನೆ! ಸಂತೆಯಲ್ಲಿ ಬಟ್ಟೆ ಅಂಗಡಿ, ಬಿಳಿ ಟೋಪಿ, ಮೆಲುದನಿ, ಅಂದಿದ್ದರೆ ಮುಗಿಯುತ್ತಿತ್ತು. ಅವಳು ಶುರು ಮಾಡಿದಳು.

"ಅವನಾ? ಅವನು ಎತ್ತರದ ಹುಡುಗ. ಮಾತು ಕಮ್ಮಿ. ಎಡಗಡೆ ಹುಬ್ಬಿನ ಮೇಲೆ ಗಾಯದ ಗೆರೆ ಇದೆ, ಪಾರಿವಾಳ ಹಿಡಿಯೋಕೆ ಮಾಳಿಗೆಯಿಂದ ಹಾರಿದ್ದ. ಅಷ್ಟು ರಕ್ತ ಹೋದ್ರೂ ಅಳಲಿಲ್ಲ. ಬಾಗಿಲ ಕಡೆ ನೋಡ್ತಾ ಇದ್ದ, ಯಾರಾದ್ರೂ ಬರ್ತಾರೇನೋ ಅಂತ. ಯಾರೂ ಬರಲಿಲ್ಲ. ಅದಕ್ಕೂ ಅವನು ಯಾರ ಮೇಲೂ ಸಿಟ್ಟು ಇಟ್ಕೊಳ್ಲಿಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಹೆಣ್ಣುಮಕ್ಕಳ ಹಾಗೆ ಬಡಿಸಿದ, ತೊಳೆದ. ಹೆರಿಗೆ ನೋವು ಬಂದ ಹೆಂಗಸನ್ನ ಆಸ್ಪತ್ರೆಗೆ ಬಿಟ್ರೆ ಬಾಡಿಗೆ ಮುಟ್ಟಲ್ಲ. ಹಸಿದಿದ್ರೂ ತಿಂದಿದೀನಿ ಅಂತಾನೆ, ಸುಳ್ಳ! ಇಂಥ ಹುಡುಗನ್ನ ಈ ಕೋಟೆ ಒಳಗೆ ಇನ್ನೊಬ್ಬನ್ನ ತೋರಿಸು ನೋಡೋಣ. ಹೊಟ್ಟೇಲಿ ಹೊತ್ತವಳು ಪುಣ್ಯ ಮಾಡಿರ್ಬೇಕು, ವಲ್ಲಾಹಿ!"

ಗಂಟೆ ಹೊಡೆಯಲಿಲ್ಲ. ರಕ್ಕಿಯಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತಬಾವಾಳಿಗೆ ಯಾಕೆಂದು ತಿಳಿಯಲಿಲ್ಲ.

"ಹಾಜಿಯಾ... ನಮ್ಮ ಕಥೆಯವನು ಬಟ್ಟೆ ಮಾರ್ತಾನೆ. ಬಾಡಿಗೆಗೆ ಓಡಿಸೋ ಗಾಡಿ ಅವನ ಹತ್ರ ಇಲ್ಲ. ಅವನಿಗೆ ಅಜ್ಜೀನೂ ಇಲ್ಲ."

ಆಗ ಅವಳಿಗೆ ಗೊತ್ತಾಯಿತು. ಮುಸುಕನ್ನು ಬಾಯಿಗೆ ಒತ್ತಿಕೊಂಡಳು. ಇಡೀ ಬದುಕು ಬಿಗಿಹಿಡಿದದ್ದನ್ನು ಊರೆಲ್ಲದರ ಎದುರು ಚೆಲ್ಲಿಬಿಟ್ಟಿದ್ದಳು. ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿಬಿಟ್ಟಿದ್ದಳು.

"ಉತ್ತರ ತಪ್ಪು," ಅಂದಳು ರಕ್ಕಿಯಾ. "ಏನ್ ಮಾಡ್ಲಿ ಹಾಜಿಯಾ, ನಿಯಮ." ಆಮೇಲೆ ಹಾಡು ಹಾಕು ಅಂತ ಗಾಜಿನಾಚೆಗೆ ಕೈಸನ್ನೆ ಮಾಡಿದಳು.

ಮೊದಲ ಪುಟ ಓದುವ ಭಾಗ್ಯ ಬೇರೆ ಯಾರದೋ ಆಯಿತು. ನಮ್ಮ ಓಣಿ ಸೋತಿತು. ಸೋತ ಹೊತ್ತಿನಲ್ಲಿ ನಮ್ಮ ಹೆಂಗಸರು ಬಾಗಿಲುಗಳಲ್ಲಿ ನಿಂತು ಹೇಗೆ ಉಲಿದರೆಂದರೆ, ಗೆದ್ದ ಓಣಿಯವರೂ ಹಾಗೆ ಉಲಿದಿರಲಿಕ್ಕಿಲ್ಲ. ಸಂಯಮಗಿಂಯಮ ಅಂತ ಯಾರೂ ಬಾಯಿಬಿಡಲಿಲ್ಲ.

ತಬಾವಾ ಕಾಲೆಳೆಯುತ್ತಾ ಹೊರಗೆ ಬಂದಾಗ ಜುನೈದುವಿನ ಆಟೊ ಸುತ್ತ ಐದಾರು ಆಟೊದವರು ಮುತ್ತಿಕೊಂಡಿದ್ದರು. ಇವಳನ್ನು ಕಂಡು ಸರಕ್ಕನೆ ದಾರಿ ಬಿಟ್ಟರು. ಒಬ್ಬ ವಯಸ್ಸಾದವನು ತಲೆ ಬಾಗಿಸಿ ಸಲಾಂ ಅಂದ. ಜುನೈದು ಅವಳ ಕಡೆ ನೋಡಲಿಲ್ಲ. ಅವನ ಒಂದು ಕೈ ಎಡ ಹುಬ್ಬಿನ ಮೇಲಿತ್ತು. ರೇಡಿಯೊ ಆರಿಸಿ ಗಾಡಿ ಎಬ್ಬಿಸಿದ.

ದಾರಿಯಲ್ಲಿ ಮಾತಾಡುವುದಾದರೂ ಯಾರ ಜೊತೆ, ಪಾರಿವಾಳ ಮನೆಯಲ್ಲಿತ್ತು. ಕೋಟೆ ಬಾಗಿಲ ಹತ್ತಿರ ಗಾಡಿ ನಿಧಾನವಾದಾಗ ಮೂಟೆ ಹೊತ್ತವನೊಬ್ಬ ಕೈ ಅಡ್ಡ ಹಾಕಿದ.

"ಸಂತೆಗೆ ಬಿಡಪ್ಪ. ಹಿಂದೆ ಜಾಗ ಇದೆಯಲ್ಲ, ಒಬ್ರೇ ಕೂತಿದಾರೆ."

"ಇಲ್ಲಣ್ಣ, ಇವತ್ತು ಬಾಡಿಗೆ ಇಲ್ಲ," ಅಂದ ಜುನೈದು. "ಹಿಂದೆ ಕೂತಿರೋದು ನಮ್ಮವ್ವ."

ತಬಾವಾ ಮುಸುಕನ್ನು ಗಲ್ಲದವರೆಗೂ ಎಳೆದುಕೊಂಡಳು. ಗಾಡಿ ಕೋಟೆ ಬಾಗಿಲು ದಾಟಿ, ಚರ್ಮದ ಅಂಗಡಿಗಳ ಸಾಲು ದಾಟಿ, ಕುಕಾ ಓಣಿಯ ತಿರುವಿಗೆ ಬರುವವರೆಗೂ ಹಾಗೇ ಕೂತಿದ್ದಳು. ಆಮೇಲೆ ಮುಸುಕಿನೊಳಗಿಂದಲೇ, ಅವನ ಬೆನ್ನಿಗೆ, ನೇರವಾಗಿ ಕೇಳಿದಳು:

"ಏ, ಆ ಕೋಸೈ ತಿಂದ್ಯಾ ಇಲ್ವಾ?"