ಚೌಡಮ್ಮನ ನಾಲಿಗೆಗೆ ಬರೆ ಹಾಕಲು ಹೊರಟವರು

೧೯೩೬ರಲ್ಲಿ ನಾನು ಉಡುಮಲೈಪೇಟೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಯ ಅಧ್ಯಾಪಕಿಯಾಗಿದ್ದೆ. ನನ್ನ ಊರು ಕೊಳ್ಳೇಗಾಲ; ಆಗ ಅದೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಶಾಲೆಯ ಪಾಠವೆಲ್ಲ ತಮಿಳಿನಲ್ಲಿ.

ನನ್ನ ತರಗತಿಯಲ್ಲಿ ಚೌಡಮ್ಮನೆಂಬ ಆರು ವರ್ಷದ ಹುಡುಗಿ ಇದ್ದಳು. ಕನ್ನಡ ಮಾತಾಡುವ ನೇಕಾರರ ಮನೆಯವಳು. ಶಾಲೆಗೆ ಸೇರಿದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಹೆಸರು ಕರೆದರೆ ಕತ್ತು ಬಿಗಿಯುತ್ತಿತ್ತು, ನೋಟ ನೆಲಕ್ಕಿಳಿಯುತ್ತಿತ್ತು. ಹೆಡ್‌ಮಾಸ್ಟರರಿಗೆ ಅದು ಹಟವಾಗಿ ಕಂಡಿತು. ಮಾತಾಡೇ ಎಂದು ತಮಿಳಿನಲ್ಲಿ "ಪೇಸುಡೀ!" ಎನ್ನುತ್ತ ಬೆತ್ತದಿಂದ ಬಾರಿಸುತ್ತಿದ್ದರು. ಕೊನೆಗೆ ಅವಳ ಅಪ್ಪನನ್ನು ಕರೆಸಿ, ನಾಲಿಗೆಗೆ ಬರೆ ಹಾಕಿಸು, ಇಲ್ಲವಾದರೆ ಶಾಲೆಯಿಂದ ಹೆಸರು ತೆಗೆಯುತ್ತೇನೆ ಎಂದರು. ಓದಿದ ಮನುಷ್ಯ ಹೇಳಿದ ಮಾತು ಇದು!

ಆ ಸಂಜೆಯೇ ಅವರ ಮನೆಗೆ ಹೋದೆ. ಮಗ್ಗದ ಸದ್ದಿಗಿಂತ ಜೋರಾಗಿ ಚೌಡಮ್ಮ ತಮ್ಮನನ್ನು ಬೈಯುತ್ತಿದ್ದುದು ಬೀದಿಗೇ ಕೇಳುತ್ತಿತ್ತು. ನನ್ನನ್ನು ಕಂಡದ್ದೇ ಮಾತು ನಿಂತಿತು.

"ಮನೇಲಿ ಬಾಯೇ ಮುಚ್ಚಲ್ಲ ಟೀಚರಮ್ಮಾ," ಎಂದಳು ತಾಯಿ ರಂಗಮ್ಮ. "ನಿಮ್ಮ ಪಳ್ಳಿಕೂಡಕ್ಕೆ ಬಂದ್ರೆ ಕಲ್ಲಾಗೋಗ್ತಾಳೆ. ನಾಳೆ ನಾಲಿಗೆಗೆ ಸೂಡು ಹಾಕೋಕೆ ಆಳು ಬರ್ತಾನೆ."

"ಬರಲಿ, ನಾನು ಬಾಗಿಲಲ್ಲೇ ನಿಂತಿರ್ತೀನಿ." ನಾನು ಅವಳ ಅಪ್ಪನ ಕಡೆ ತಿರುಗಿದೆ. "ಮಗೂಗೆ ಮಾತು ಬರ್ತದೆ. ಅವಳ ನಾಲಿಗೆ ಮುಟ್ಟಬೇಡಿ."

ಮಗ್ಗದ ಗುಂಡಿಯಲ್ಲಿ ಕೂತಿದ್ದ ಅಪ್ಪ ಲಾಳಿ ಕೆಳಗಿಟ್ಟು, "ಸರಿ, ಅವ ಬರೋದು ಬ್ಯಾಡ" ಎಂದ.

ಮನೆಯಲ್ಲಿ ಮಾತಾಡುವ ಮಗು ಬೇರೆ ಕಡೆ ಭಯದಿಂದ ಮಾತಾಡಲಾರದೆ ಹೋಗುವುದನ್ನು ಇಂದಿನ ವೈದ್ಯರು ಸೆಲೆಕ್ಟಿವ್ ಮ್ಯೂಟಿಸಮ್ ಎನ್ನುತ್ತಾರೆ. ಆ ಹೆಸರು ನನಗೆ ಆಗ ಗೊತ್ತಿರಲಿಲ್ಲ. ಭಯ ಮಾತ್ರ ಕಾಣುತ್ತಿತ್ತು.

ಬೇಸಿಗೆ ರಜೆಯವರೆಗೆ ಅವಳನ್ನು ನನಗೆ ಬಿಡಿ ಎಂದು ಹೆಡ್‌ಮಾಸ್ಟರರನ್ನು ಒಪ್ಪಿಸಿದೆ. ದಿನವೂ ಮಕ್ಕಳು ಬರುವ ಮುಂಚೆ, ನಾನು ಹೇಳಿದಂತೆ, ರಂಗಮ್ಮ ಮಗಳನ್ನು ಕರೆತಂದು ಖಾಲಿ ತರಗತಿಯಲ್ಲಿ ಆಡಿಸತೊಡಗಿದಳು. ನಾನು ವರಾಂಡದಲ್ಲಿ ಅವರಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಮಗುವಿಗೆ ಯಾವ ಪ್ರಶ್ನೆಯನ್ನೂ ಹಾಕುತ್ತಿರಲಿಲ್ಲ. ಪಿಸುಮಾತು ಹೊರಗೆ ಕೇಳತೊಡಗಿದ ಮೇಲೆ ಬಾಗಿಲಿಗೆ ಸರಿದೆ, ಆಮೇಲೆ ಒಳಗೆ. ಕೆಲವು ವಾರ ಕಳೆದು, ಅವಳ ಬೀದಿಯ ವಳ್ಳಿಯನ್ನೂ ಆಟಕ್ಕೆ ಸೇರಿಸಿದೆವು. ಒಂದು ದಿನ ಹುಣಸೆಬೀಜದ ಆಟದಲ್ಲಿ ವಳ್ಳಿ ಮೋಸ ಮಾಡಿದಳು.

"ಏಯ್, ಅದು ನಂದು!"

ಚೌಡಮ್ಮ ನನ್ನೆದುರಿಗೇ ಕೂಗಿದ್ದಳು. ನಾನು ತಲೆ ಎತ್ತದೆ ಕಣ್ಣೊರೆಸಿಕೊಂಡೆ.

ಬೇಸಿಗೆ ರಜೆಯ ಹೊತ್ತಿಗೆ ತಮಿಳು ಪಾಠವನ್ನು ಸಣ್ಣ ದನಿಯಲ್ಲಿ ಓದುತ್ತಿದ್ದಳು. ಆಗ ನಡೆದ ಪೋಷಕರ ಸಭೆಯಲ್ಲಿ ಹೆಡ್‌ಮಾಸ್ಟರರು ಅವಳನ್ನು ಮುಂದೆ ನಿಲ್ಲಿಸಿ, ಇದು ತಮ್ಮ ಬೆತ್ತ ಮಾಡಿದ ಕೆಲಸ ಎಂದರು. ಜನ ತಲೆದೂಗಿದರು. ಮಗುವಿನ ಬಾಯಿ ಮತ್ತೆ ಬಿಗಿಯಿತು. ನಾನು ಎದ್ದು ಹೋಗಿ, ಅವಳನ್ನು ಎತ್ತಿಕೊಂಡು ಎಲ್ಲರ ನಡುವೆಯೇ ಹೊರಗೆ ನಡೆದೆ.

ಬೇಲಿಯ ಹತ್ತಿರ ಬಂದಾಗ ಅವಳು ನನ್ನ ಕಿವಿಗೆ ಬಾಯಿಟ್ಟು, "ಅವ್ರು ಸುಳ್ಳು ಹೇಳುದ್ರು" ಎಂದಳು.

ಸಭೆಯಲ್ಲಿನ ನನ್ನ ಆ ವರ್ತನೆಗಾಗಿ ನನಗೆ ಆನೈಮಲೈಗೆ ವರ್ಗವಾಯಿತು. ಮಾತಾಡದ ಮಗುವಿಗೆ ಮೊದಲು ಬೇಕಾದದ್ದು ಹೆದರಿಸುವವರು ಅದರ ಮುಂದಿನಿಂದ ಸರಿಯುವುದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಅದನ್ನು ಸಮಾಧಾನದಿಂದ ಹೇಳಲು ನನಗೆ ಇಂದಿಗೂ ಬರುವುದಿಲ್ಲ.