ಪ್ಲೈವುಡ್ ಗೋಡೆಯಾಚೆಯ ನಕ್ಷೆ

ಮೂರನೇ ಸಲ, ಸ್ನೇಹಿತರೇ! ಬಡವನಹಳ್ಳಿಯ ನಮ್ಮ ಮನೆ ಮುಂದೆ ರಸ್ತೆ ಇಲಾಖೆಯವರ ಜೆಸಿಬಿ ಇವತ್ತೂ ಕುಡಿಯುವ ನೀರಿನ ಪೈಪು ಒಡೆಯಿತು.

"ನಕ್ಷೆ ನೋಡ್ಕೊಂಡು ಅಗೆಯಕ್ಕಾಗಲ್ವಾ?" ಎಂದು ರಸ್ತೆಯ ಎಂಜಿನಿಯರನ್ನು ಕೇಳಿದೆ.

"ಪೈಪಿನ ನಕ್ಷೆ ನೀರಿನೋರ ಹತ್ರ ಐತೆ ಕಣಮ್ಮ. ನಮ್ಗೆ ಕೊಡಾಕಿಲ್ಲ."

ಸಿಟ್ಟಿನಲ್ಲೇ ಮಧುಗಿರಿಗೆ ಹೋದೆ. ರಸ್ತೆಯವರದು, ನೀರಿನವರದು ಎರಡೂ ಕಚೇರಿ ಒಂದೇ ಕಟ್ಟಡದಲ್ಲಿವೆ. ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ನೀರಿನ ಕಚೇರಿಯ ಗುಮಾಸ್ತರು ಕಂಪ್ಯೂಟರಿನಲ್ಲಿದ್ದ ನಕ್ಷೆಯನ್ನು ನನಗೆ ತೋರಿಸಿಯೇ ಹೇಳಿದರು: "ಬೇರೆ ಇಲಾಖೆಗೆ ಕೊಡಾಕೆ ಆದೇಶ ಇಲ್ಲ. ನೀವು ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿದ್ರೆ ಕೊಡ್ತೀವಿ."

ಗೋಡೆಯಾಚೆಯಿಂದ ರಸ್ತೆ ಕಚೇರಿಯವರು ಕೂಗಿದರು: "ಹಾಕ್ಬುಡಿ ಅಕ್ಕಾ! ಸಿಕ್ಕಿದ್ಮೇಲೆ ನಮ್ಗೂ ಒಂದು ಜೆರಾಕ್ಸ್ ಕೊಡಿ."

ಹಾಕಿ ಬಂದಿದ್ದೇನೆ. ಸರ್ಕಾರದ ನಕ್ಷೆಯನ್ನು ಸರ್ಕಾರಕ್ಕೇ ತಲುಪಿಸುವ ನೌಕರಿ ಇವತ್ತಿನಿಂದ ನನ್ನದು. ಸಂಬಳ ಬೇಡ, ಒಂದು ಕೊಡ ನೀರು ಕೊಟ್ಟರೆ ಸಾಕು.